ಎಲ್ಲ ಕಡೆ ನಾಲ್ಕು ಹೆಚ್ಚು

ನನ್ನ ಭಾವನಿಗೆ ಬೇಕಾಗಿದ್ದದ್ದು ಒಂದು ಸಾಧಾರಣ ಕಂಪ್ಯೂಟರ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲಾದರೆ ನನ್ನ ತಪ್ಪನ್ನು ಅಲ್ಲಿಷ್ಟು ಇಲ್ಲಿಷ್ಟು ಒರೆಸಿ ಚೊಕ್ಕ ಮಾಡಿ ಹೇಳುವ ಚಾಳಿ ನನಗಿದೆ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಭಾವ ಎಂದರೆ ಅಕ್ಕನ ಗಂಡ. ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಬಣ್ಣದ ಮೇಸ್ತ್ರಿ. ನೂರು ಕಿಲೋ ನೂಲಿಗೆ ಹಳದಿ ಪುಡಿ ಇಷ್ಟು, ಕೆಂಪು ಇಷ್ಟು, ನೀಲಿ ಇಷ್ಟು ಎಂದು ಅವರು ಬರೆದುಕೊಟ್ಟರೆ ತೂಕದ ಕೋಣೆಯಲ್ಲಿ ಅಷ್ಟೇ ತೂಗಿ ಹಂಡೆಗೆ ಸುರಿಯುತ್ತಾರೆ. ಬೇರೆ ಯಾರು ಬರೆದ ಅಳತೆಯಾದರೂ ಮೊದಲು ಒಂದು ಹಿಡಿ ನೂಲು ಅದ್ದಿ, ಒಣಗಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಅದು ಅಲ್ಲಿನ ನಿಯಮ. ಭಾವನ ಅಳತೆಗೆ ಮಾತ್ರ ಆ ಪರೀಕ್ಷೆ ಇರಲಿಲ್ಲ. ನೇರ ಹಂಡೆಗೆ. ಮೂವತ್ತೊಂದು ವರ್ಷದಲ್ಲಿ ಅವರು ಸಂಪಾದಿಸಿದ್ದು ಏನು ಎಂದು ಕೇಳಿದರೆ ನಾನಂತೂ ಇದನ್ನೇ ಹೇಳುತ್ತೇನೆ. ಅವರು ಹೇಳುವುದಿಲ್ಲ, ಜಂಬ ಅವರಿಗೆ ಒಗ್ಗುವುದಿಲ್ಲ. ನನಗೆ ಒಗ್ಗುತ್ತದೆ, ಚೆನ್ನಾಗಿಯೇ ಒಗ್ಗುತ್ತದೆ.

ನಾನು ಕಂಪ್ಯೂಟರ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು ಬಿಡಿಭಾಗ ಆರಿಸಿ ಯಂತ್ರ ಕಟ್ಟಿಕೊಡುವವನು. ಈ ಕೆಲಸಕ್ಕೆ ನನ್ನನ್ನು ಸೇರಿಸಿದ್ದೂ ಭಾವನೇ. ನಾನು ಪರೀಕ್ಷೆಯಲ್ಲಿ ಎರಡನೇ ಸಲ ಡುಮ್ಕಿ ಹೊಡೆದ ವರ್ಷ ಮನೆಯವರೆಲ್ಲ ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು. ಭಾವ ಬಂದು, "ಇವನ ಕೈ ಚುರುಕಾಗಿದೆ, ನೀವು ತಲೆಯನ್ನೇ ನೋಡ್ತಾ ಕೂತಿದ್ದೀರಿ" ಎಂದು ನನ್ನನ್ನು ಕರೆದುಕೊಂಡು ಹೋಗಿ ಈ ಅಂಗಡಿಯ ಯಜಮಾನರ ಮುಂದೆ ನಿಲ್ಲಿಸಿದರು. ಅವತ್ತಿನಿಂದ ಅವರ ಬಾಯಲ್ಲಿ ನಾನು ಸಾಹೇಬ. ತಮಾಷೆಗೆ ಶುರುವಾದದ್ದು, ಹಾಗೆಯೇ ಉಳಿದುಕೊಂಡಿತು.

ಹೋದ ವರ್ಷ ಒಂದು ಬೆಳಿಗ್ಗೆ ಅವರು ಕೈಚೀಲದಲ್ಲಿ ಹದಿನಾಲ್ಕು ನೋಟುಬುಕ್ಕು ಹೊತ್ತು ಅಂಗಡಿಗೆ ಬಂದರು. ಎಲ್ಲದರ ಅಂಚೂ ಬಣ್ಣದ ಬೆರಳಚ್ಚಿನಿಂದ ತುಂಬಿತ್ತು. ಕೆಲವು ಹಾಳೆ ತೆರೆದರೆ ಪುಡಿ ಪುಡಿಯಾಗಿ ಮಡಿಲಿಗೆ ಬೀಳುತ್ತಿತ್ತು.

"ಸಾಹೇಬ, ಇದನ್ನೆಲ್ಲ ಕಂಪ್ಯೂಟರಿಗೆ ಹಾಕ್ಬೇಕು. ನಾನು ಕೆಲಸ ಬಿಟ್ಟ ಮೇಲೂ ಯಾರಾದರೂ ಓದೋ ಹಾಗಿರಬೇಕು. ಮನೆಯಲ್ಲೇ ಕೂತು ದಿನಾ ಒಂದಿಷ್ಟು ಹೊಡೀತೀನಿ. ಬಣ್ಣಗಿಣ್ಣ ತೋರಿಸೋದೇನೂ ಬೇಡ ನನಗೆ, ಅಂಕಿ ಕಂಡರೆ ಸಾಕು."

"ಯಾವ ಭಾಗ ಹಾಕಲಿ ಭಾವ?"

"ನನ್ನ ಕೇಳ್ತೀಯಲ್ಲ! ಅದರಲ್ಲಿ ಏನೇನಿರುತ್ತೆ ಅಂತಾನೇ ಗೊತ್ತಿಲ್ಲ ನನಗೆ."

ನಾನು ಹೇಳಿದೆ. ಪ್ರೊಸೆಸರ್ ಎಂದರೆ ಲೆಕ್ಕ ಮಾಡುವವನು. ಗ್ರಾಫಿಕ್ಸ್ ಕಾರ್ಡ್ ಎಂದರೆ ಪರದೆಗೆ ಚಿತ್ರ ಬಿಡಿಸುವವನು. ರ‍್ಯಾಮ್ ಎಂದರೆ ಕೆಲಸದ ಮೇಜು, ಈಗ ಕೈಯಲ್ಲಿರುವುದನ್ನೆಲ್ಲ ಹರಡಿಕೊಳ್ಳುವ ಜಾಗ. ಕೆಲಸ ಮುಗಿದ ಮೇಲೆ ಅಲ್ಲಿಂದ ಎತ್ತಿ ಡಿಸ್ಕಿನಲ್ಲಿ ಇಡುತ್ತಾರೆ.

ಭಾವ ತಲೆಯಾಡಿಸಿದರು. "ನಮ್ಮ ತೂಕದ ಕೋಣೆ ಇದ್ದ ಹಾಗೆ ಅನ್ನು. ಹಾಗಿದ್ರೆ ಮೇಜು ಗಟ್ಟಿಯಾಗಿರಲಿ. ಉಳಿದದ್ದು ನಿನಗೆ ಬಿಟ್ಟಿದ್ದು."

ಅವರಿಗೆ ಏನು ಸಾಕಾಗುತ್ತಿತ್ತು ಎಂಬುದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳಬಲ್ಲೆ. ಚಿತ್ರ ಬಿಡಿಸುವ ಕೆಲಸವನ್ನೂ ತಾನೇ ನೋಡಿಕೊಳ್ಳುವ ಸಾಧಾರಣ ಪ್ರೊಸೆಸರ್ ಒಂದು, ಹೊಸ ರ‍್ಯಾಮ್ ಎರಡು ಪಟ್ಟಿ, ಸಣ್ಣ ಡಿಸ್ಕ್. ಅಲ್ಲಿಗೆ ಮುಗಿಯಿತು. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಯೇ ಇರಲಿಲ್ಲ. ಆದರೆ ನನ್ನ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಆ ತಿಂಗಳು ಅಂಗಡಿಗೆ ಎರಡು ಫ್ಯಾನಿನ ಒಂದು ಹೊಸ ಕಾರ್ಡ್ ಬಂದಿತ್ತು. ಅದನ್ನು ಕಂಡಾಗಿನಿಂದ ನನ್ನ ಮನಸ್ಸು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ನನಗೆ ಕಾರು ಓಡಿಸುವ ಆಟದ ಹುಚ್ಚು, ನಲವತ್ತೆರಡರ ವಯಸ್ಸಿಗೂ ಬಿಟ್ಟಿಲ್ಲ. ಮನೆಯಲ್ಲಿ ಆಡಲು ಕೂತರೆ ಹೆಂಡತಿ ಗುರ್ ಎನ್ನುತ್ತಾಳೆ. ಭಾನುವಾರ ಅಕ್ಕನ ಮನೆಗೆ ಹೋಗುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅಲ್ಲೊಂದು ಒಳ್ಳೆಯ ಕಾರ್ಡ್ ಇದ್ದರೆ...

"ಬಣ್ಣದ ಕೆಲಸದವರು ನೀವು. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗುತ್ತಾ ಭಾವ?" ಎಂದೆ.

"ಹೌದಾ? ಹಾಗಿದ್ರೆ ಹಾಕು."

ಇಷ್ಟೇ ಮಾತು. ಒಂದು ಮಗುವಿಗೆ ಸುಳ್ಳು ಹೇಳುವುದಕ್ಕೂ ಇದಕ್ಕಿಂತ ಹೆಚ್ಚು ಕಷ್ಟಪಡಬೇಕು.

ಕಾರ್ಡ್ ಹಾಕಿದ್ದಕ್ಕೆ ಪ್ರೊಸೆಸರನ್ನೂ ಒಂದು ಮೆಟ್ಟಿಲು ಮೇಲಿನದು ಆರಿಸಬೇಕಾಯಿತು, ಇಲ್ಲವಾದರೆ ಆಟ ತಡವರಿಸುತ್ತದೆ. ಇಷ್ಟರಲ್ಲೇ ಮುಗಿಸು ಎಂದು ಅವರು ಕೊಟ್ಟಿದ್ದ ದುಡ್ಡು ಅಲ್ಲಿಗೇ ಖಾಲಿ. ಹೊಸ ರ‍್ಯಾಮಿಗೆ ಏನೂ ಉಳಿಯಲಿಲ್ಲ. ಆಗ ನಾನು ನನ್ನ ಮೇಜಿನ ಕೆಳಗಿನ ಡ್ರಾಯರ್ ತೆಗೆದೆ. ಅದರಲ್ಲಿ ಎರಡು ಪಟ್ಟಿ ರ‍್ಯಾಮ್ ಇದ್ದವು. ಒಂದು ಅಚ್ಚುಕೂಟದ ಕಂಪ್ಯೂಟರ್ ಆಗಾಗ ಸುಮ್ಮಸುಮ್ಮನೆ ನಿಂತುಹೋಗುತ್ತದೆ ಎಂದು ರಿಪೇರಿಗೆ ಬಂದಾಗ ನಾನೇ ಅದರಿಂದ ಕಿತ್ತು, ಆಮೇಲೆ ನೋಡೋಣ ಎಂದು ಒಳಗೆ ಎಸೆದಿದ್ದೆ. ಕೆಟ್ಟಿವೆ ಎಂದು ಖಾತ್ರಿ ಇರಲಿಲ್ಲ. ಒಳ್ಳೆಯವು ಎಂದೂ ಖಾತ್ರಿ ಇರಲಿಲ್ಲ.

ನಮ್ಮ ಯಜಮಾನರದು ಒಂದು ಕಟ್ಟುನಿಟ್ಟು ಇದೆ. ಯಾವ ಯಂತ್ರವೇ ಆಗಲಿ, ಹೊರಗೆ ಹೋಗುವ ಮೊದಲು ಇಡೀ ಒಂದು ದಿನ ರ‍್ಯಾಮ್ ಪರೀಕ್ಷೆ ಓಡಬೇಕು. ಎಷ್ಟು ಸುತ್ತು ಓಡಿತು ಎಂದು ಚೀಟಿಯಲ್ಲಿ ಬರೆದು, ಸಹಿ ಮಾಡಿ, ಪೆಟ್ಟಿಗೆಗೆ ಕಟ್ಟಬೇಕು. ಹಳೆಯ ಪಟ್ಟಿ ಹಾಕಿ ನಾನು ಓಡಿಸಿದ್ದು ಒಂದು ಸುತ್ತು. ಎಲ್ಲ ಸರಿ ಎಂಬ ಹಸಿರು ಬಂತು. ಸಂಜೆ ಅಕ್ಕನ ಮನೆಗೆ ಒಯ್ದು ಜೋಡಿಸುವ ಆತುರ, ಮಾರನೆಯ ದಿನ ಭಾನುವಾರ ಬೇರೆ. ಚೀಟಿಯಲ್ಲಿ ಹನ್ನೆರಡು ಸುತ್ತು ಎಂದು ಬರೆದು ಸಹಿ ಗೀಚಿದೆ.

ಮೊದಲ ಎರಡು ತಿಂಗಳು ಎಲ್ಲ ಸರಾಗ. ಸಂಜೆ ಕೆಲಸದಿಂದ ಬಂದು ಭಾವ ಕೈಕಾಲು ತೊಳೆದು ಕಂಪ್ಯೂಟರಿನ ಮುಂದೆ ಕೂರುವರು. ಅಕ್ಕ ಪಕ್ಕದಲ್ಲಿ ನೋಟುಬುಕ್ಕು ಹಿಡಿದು ಗಟ್ಟಿಯಾಗಿ ಓದುವಳು. ಅವಳು "ಹಳದಿ ಎರಡು ಚುಕ್ಕಿ ಒಂದು ಸೊನ್ನೆ" ಎಂದರೆ ಅವರು ಒಂದೇ ಬೆರಳಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತುವರು. ಭಾನುವಾರ ನಾನು ಹೋಗಿ ಕಾರು ಓಡಿಸುತ್ತಿದ್ದೆ. ಭಾವ ಹಿಂದೆ ನಿಂತು, "ಲೋ, ತಿರುವಿನಲ್ಲಿ ನಿಧಾನ ಕಣೋ" ಎಂದು ಬೈಯುವರು. ಅಂಥ ಭಾನುವಾರಗಳು ಮತ್ತೆ ಬರಲಿಲ್ಲ.

ಮೂರನೆಯ ತಿಂಗಳಲ್ಲಿ ಕಾರ್ಖಾನೆಯಲ್ಲಿ ಒಂದು ಹಂಡೆ ನೂಲು ಕೆಟ್ಟಿತು. ಆಸ್ಪತ್ರೆಯ ಕಂಬಳಿಗೆ ಎಂದು ಹಾಕಿದ ಕಡುನೀಲಿ, ತೆಗೆದಾಗ ಪಾಚಿ ಬಣ್ಣಕ್ಕೆ ತಿರುಗಿತ್ತು. ಭಾವ ಪುಡಿ ತೂಗುವ ಹೆಂಗಸಿನ ಮೇಲೆ ರೇಗಿದರು. ಎಲ್ಲರ ಎದುರಿಗೆ, ದೊಡ್ಡ ದನಿಯಲ್ಲಿ. ಅವಳು ಅಳತೆಯ ಹಾಳೆ ತಂದು ತೋರಿಸಿದಳು. ಭಾವ ಮನೆಯ ಕಂಪ್ಯೂಟರಿನಿಂದ ಅಚ್ಚು ಹಾಕಿ ತಂದ ಹಾಳೆ ಅದು. ಹಳದಿ ೦.೧೨ ಇರಬೇಕಾದಲ್ಲಿ ೦.೫೨ ಎಂದಿತ್ತು. ಮನೆಗೆ ಬಂದು ನೋಟುಬುಕ್ಕು ತೆಗೆದು ನೋಡಿದರೆ ಅದರಲ್ಲಿ ಅವರದೇ ಕೈಯಲ್ಲಿ ೦.೧೨. ಮರುದಿನ ಭಾವ ಎಲ್ಲರನ್ನೂ ಕರೆಸಿ, ಅದೇ ಜಾಗದಲ್ಲಿ ನಿಂತು, "ತಪ್ಪು ನಂದು, ನಿಮ್ಮದಲ್ಲಮ್ಮ" ಎಂದು ಕೈಮುಗಿದರಂತೆ. ಇದನ್ನು ಅಕ್ಕ ನನಗೆ ಫೋನಿನಲ್ಲಿ ಹೇಳಿದಳು. ನಾನು, "ಬೆರಳು ಜಾರಿರಬೇಕು ಬಿಡೆ, ವಯಸ್ಸಾಯ್ತಲ್ಲ" ಎಂದುಬಿಟ್ಟೆ. ಎಷ್ಟು ಹಗುರವಾಗಿ ಅಂದೆ ಆ ಮಾತನ್ನು!

ಆಮೇಲೆ ತಪ್ಪುಗಳು ಒಂದೊಂದಾಗಿ ಸಿಕ್ಕತೊಡಗಿದವು. ಭಾವ ಮೊದಲು ಅಕ್ಕನಿಗೆ ಬೈದರು, ನೀನು ಸರಿಯಾಗಿ ಓದುತ್ತಿಲ್ಲ ಎಂದು. ಅಕ್ಕ ಕನ್ನಡಕ ಬದಲಾಯಿಸಿಕೊಂಡಳು. ಒಂದೊಂದು ಅಂಕಿಯನ್ನೂ ಎರಡೆರಡು ಸಲ ಓದಿದಳು. ಹೊಡೆದಾದ ಮೇಲೆ ಭಾವ ಪರದೆಯಲ್ಲಿ ಓದಿ ಹೇಳುವರು, ಅವಳು ನೋಟುಬುಕ್ಕಿನಲ್ಲಿ ತಾಳೆ ನೋಡುವಳು. ಎಲ್ಲ ಸರಿ ಇರುತ್ತಿತ್ತು. ಎರಡು ದಿನ ಬಿಟ್ಟು ತೆರೆದರೆ ಎಲ್ಲೋ ಒಂದು ಕಡೆ ತಪ್ಪು. ಕಾರ್ಖಾನೆಯ ಒಡತಿ ಭಾವನನ್ನು ಕೋಣೆಗೆ ಕರೆದು, ಇನ್ನು ಮುಂದೆ ನಿಮ್ಮ ಅಳತೆಗೂ ಒಂದು ಹಿಡಿ ಅದ್ದಿ ನೋಡೋಣ ಮೇಸ್ತ್ರಿಗಳೇ ಎಂದು ತುಂಬ ಮೆತ್ತಗೆ ಹೇಳಿದರಂತೆ. ಮೆತ್ತಗೆ ಹೇಳಿದ್ದೇ ಭಾವನಿಗೆ ಹೆಚ್ಚು ನಾಟಿತು. ಮನೆಗೆ ಬಂದವರು ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಮಲಗಿದರು.

ಆ ಭಾನುವಾರ ಅಕ್ಕ ನನ್ನನ್ನು ಬಾಗಿಲಲ್ಲೇ ತಡೆದಳು. ಕಣ್ಣು ಊದಿತ್ತು.

"ನಿನ್ನ ಕಂಪ್ಯೂಟರಿನಲ್ಲೇ ಏನಾದರೂ ಐಬಿರಬಹುದಾ ಅಂತ ಕೇಳಿದೆ ಕಣೋ. ನಿಮ್ಮ ಭಾವ ನನ್ನ ಮೇಲೇ ಎಗರಿಬಿದ್ದರು. ನಮ್ಮ ಹುಡುಗ ಕಟ್ಟಿದ್ದು ಅದು, ತಪ್ಪು ಮಾಡಲ್ಲ, ನನ್ನ ತಲೇನೇ ಕೆಡ್ತಾ ಇದೆ, ಅಂದರು. ಬುಧವಾರ ಡಾಕ್ಟರ ಹತ್ತಿರ ಹೋಗ್ತೀವಿ."

"ಯಾವ ಡಾಕ್ಟರು?"

"ತಲೆಯ ಡಾಕ್ಟರು. ಇವರ ಅಪ್ಪನಿಗೆ ಕೊನೆಗಾಲದಲ್ಲಿ ಅರಳುಮರಳು ಆಗಿತ್ತಲ್ಲ. ಮಗನ ಗುರುತೂ ಸಿಕ್ತಿರಲಿಲ್ಲ. ಅದೇ ಬಂತು ಅಂತ ಇವರು ಗಟ್ಟಿ ಮಾಡ್ಕೊಂಡುಬಿಟ್ಟಿದ್ದಾರೆ."

ಒಳಗೆ ಭಾವ ಮೇಜಿನ ಮುಂದೆ ಕೂತು ಏನೋ ಬರೆಯುತ್ತಿದ್ದರು. ನನ್ನನ್ನು ಕಂಡು ನಕ್ಕು ಹಾಳೆಯನ್ನು ನನ್ನ ಕಡೆ ತಳ್ಳಿದರು. "ಬಾ ಸಾಹೇಬ. ಡಾಕ್ಟರಿಗೆ ತೋರಿಸೋಕೆ ನನ್ನ ತಪ್ಪುಗಳ ಪಟ್ಟಿ. ಬಾಯಲ್ಲಿ ಹೇಳೋಕೆ ಹೋದ್ರೆ ಮರೆತುಬಿಟ್ಟೇನು."

ಗೆರೆ ಎಳೆದು ಎರಡು ಸಾಲು ಮಾಡಿದ್ದರು. ಎಡಗಡೆ ನೋಟುಬುಕ್ಕಿನಲ್ಲಿ ಇದ್ದದ್ದು, ಬಲಗಡೆ ಕಂಪ್ಯೂಟರಿನಲ್ಲಿ ಸಿಕ್ಕಿದ್ದು. ೧.೨೫ ಇದ್ದದ್ದು ೫.೨೫. ೦.೩೮ ಇದ್ದದ್ದು ೦.೭೮. ೨.೪೦ ಇದ್ದದ್ದು ೨.೪೪. ೨.೧೫ ಇದ್ದದ್ದು ೬.೧೫. ಹೀಗೆ ಹತ್ತೊಂಬತ್ತು. ಅಕ್ಷರ ದುಂಡಗೆ, ಒಂದಕ್ಕೊಂದು ತಾಗದಂತೆ ಇತ್ತು.

ನಾನು ಹತ್ತೊಂಬತ್ತನ್ನೂ ಓದಬೇಕಾಗಲಿಲ್ಲ. ಮೂರನೆಯದಕ್ಕೇ ಗೊತ್ತಾಯಿತು. ಒಂದು ಐದಾಗಿತ್ತು, ಎರಡು ಆರಾಗಿತ್ತು, ಮೂರು ಏಳಾಗಿತ್ತು, ಸೊನ್ನೆ ನಾಲ್ಕಾಗಿತ್ತು. ಎಲ್ಲ ಕಡೆ ನಾಲ್ಕು ಹೆಚ್ಚು. ಮನುಷ್ಯನ ಬೆರಳು ಹೀಗೆ ತಪ್ಪುವುದಿಲ್ಲ. ಬೆರಳು ತಪ್ಪಿದರೆ ಪಕ್ಕದ ಕೀಲಿಗೆ ಬೀಳುತ್ತದೆ. ತಲೆ ಕೆಟ್ಟರೆ ಹೇಗೆ ಬೇಕಾದರೂ ತಪ್ಪುತ್ತದೆ, ಇಷ್ಟು ಶಿಸ್ತಾಗಿ ತಪ್ಪುವುದಿಲ್ಲ. ಇದು ರ‍್ಯಾಮಿನ ಕೆಲಸ. ಕಂಪ್ಯೂಟರಿನ ಒಳಗೆ ಪ್ರತಿ ಅಂಕಿಯೂ ಸಣ್ಣ ಸ್ವಿಚ್ಚುಗಳ ಒಂದು ಸಾಲು. ಎರಡಕ್ಕೂ ಆರಕ್ಕೂ, ಒಂದಕ್ಕೂ ಐದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಸ್ವಿಚ್ಚು, ಅದರ ಬೆಲೆ ನಾಲ್ಕು. ರ‍್ಯಾಮಿನ ಯಾವುದೋ ಮೂಲೆಯಲ್ಲಿ ಆ ಒಂದು ಸ್ವಿಚ್ಚು ಹಾಕಿದ ಹಾಗೆಯೇ ಸಿಕ್ಕಿಹಾಕಿಕೊಂಡಿದ್ದರೆ, ಅಲ್ಲಿ ಹೋಗಿ ಕೂತ ಎರಡು ಆರಾಗಿ ಎದ್ದು ಬರುತ್ತದೆ. ಯಾವಾಗಲೂ ಅಲ್ಲ, ಯಂತ್ರ ಕಾದಾಗ ಆ ಮೂಲೆಗೆ ಬಿದ್ದರೆ ಮಾತ್ರ. ಒಂದು ಸುತ್ತಿನಲ್ಲಿ ತಪ್ಪಿಸಿಕೊಂಡರೂ ಇಡೀ ದಿನದ ಪರೀಕ್ಷೆಯಲ್ಲಿ ಖಂಡಿತ ಸಿಕ್ಕಿಬೀಳುವ ಐಬು ಅದು.

"ಏನು, ತುಂಬ ಜಾಸ್ತಿ ಆಯ್ತಾ?" ಭಾವ ನನ್ನ ಮುಖ ನೋಡಿ ಕೇಳಿದರು.

ಹೇಳಬೇಕಾಗಿದ್ದದ್ದು ಆಗಲೇ. ಒಂದೇ ವಾಕ್ಯ ಸಾಕಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅವಳ ಊದಿದ ಕಣ್ಣಿನ ಎದುರಿಗೆ, ನನ್ನ ಆಟದ ಚಪಲಕ್ಕೆ ನಿನ್ನ ಗಂಡನಿಗೆ ಕಸದ ರ‍್ಯಾಮ್ ಹಾಕಿಕೊಟ್ಟೆ ಎಂದು ಹೇಳುವುದು ಹೇಗೆ? ಸುದ್ದಿ ಅಂಗಡಿಗೆ ಹೋದರೆ ಯಜಮಾನರು ಆ ಹನ್ನೆರಡು ಸುತ್ತಿನ ಚೀಟಿ ತೆಗೆಸುತ್ತಾರೆ. ಇಪ್ಪತ್ತೆರಡು ವರ್ಷದ ಮರ್ಯಾದೆ. ಇವೆಲ್ಲ ಆಗ ದೊಡ್ಡ ಕಾರಣಗಳಾಗಿ ಕಂಡವು.

"ಏನಿಲ್ಲ ಭಾವ. ಕಂಪ್ಯೂಟರಿನ ಧೂಳು ತೆಗೆದು ತುಂಬ ದಿನ ಆಯ್ತು, ಸ್ವಲ್ಪ ಸ್ವಚ್ಛ ಮಾಡಿಬಿಡ್ತೀನಿ," ಎಂದೆ.

ಯಂತ್ರವನ್ನು ಅಂಗಡಿಗೆ ಹೊತ್ತು ತಂದು, ಹಳೆಯ ಎರಡು ರ‍್ಯಾಮ್ ಪಟ್ಟಿ ಕಿತ್ತು, ನನ್ನ ದುಡ್ಡಿನಲ್ಲಿ ಹೊಸವು ಹಾಕಿದೆ. ಸೋಮವಾರ ಬೆಳಿಗ್ಗೆಯಿಂದ ಮಂಗಳವಾರ ಬೆಳಿಗ್ಗೆಯವರೆಗೆ ಪರೀಕ್ಷೆ ಓಡಿಸಿದೆ. ಈ ಸಲ ನಿಜವಾಗಿಯೂ ಹನ್ನೆರಡು ಸುತ್ತು. ಸಂಜೆ ಜೋಡಿಸಿಕೊಟ್ಟು ಬಂದೆ. ಇನ್ನು ತಪ್ಪು ನಿಲ್ಲುತ್ತದೆ. ನಾಲ್ಕು ದಿನ ಅಂಕಿ ಸರಿ ಬಂದರೆ ಭಾವನ ಹೆದರಿಕೆಯೂ ತಾನಾಗಿ ಇಳಿಯುತ್ತದೆ. ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ. ಹೀಗೆ ಲೆಕ್ಕ ಹಾಕಿದ್ದೆ ನಾನು, ಮಹಾ ಬುದ್ಧಿವಂತ.

ಬುಧವಾರ ಡಾಕ್ಟರು ಭಾವನಿಂದ ಗಡಿಯಾರದ ಚಿತ್ರ ಬಿಡಿಸಿದರು. ನೂರರಿಂದ ಏಳೇಳು ಕಳೆಯುತ್ತ ಬನ್ನಿ ಎಂದರು. ಭಾವ ಎಲ್ಲ ಮಾಡಿದರು, ಆದರೆ ಹೆದರಿ ಹೆದರಿ, ಮಧ್ಯೆ ಎರಡು ಸಲ ತಡವರಿಸಿ. ಆಮೇಲೆ ತಪ್ಪುಗಳ ಪಟ್ಟಿ ಕೊಟ್ಟರು. ಡಾಕ್ಟರು ಅದನ್ನು ತುಂಬ ಹೊತ್ತು ನೋಡಿದರಂತೆ. ಈಗಲೇ ಏನೂ ಹೇಳುವುದಕ್ಕೆ ಆಗುವುದಿಲ್ಲ, ಒಂದು ಮಾತ್ರೆ ಕೊಟ್ಟಿರುತ್ತೇನೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಪಾಪ, ಅವರಾದರೂ ಏನು ಮಾಡಿಯಾರು? ರೋಗಿ ತಾನೇ ಸಾಕ್ಷಿ ಬರೆದು ತಂದು ಕೈಗಿಟ್ಟಿದ್ದರು.

ಮುಂದಿನ ಭಾನುವಾರ ಹೋದೆ. ಭಾವ ಗೆಲುವಾಗಿದ್ದರು. ನನಗೆ ಜೀವ ಬಂದಂತಾಯಿತು.

"ಐದು ದಿನ ಆಯ್ತು ಸಾಹೇಬ, ಒಂದು ತಪ್ಪೂ ಇಲ್ಲ."

"ನಾನು ಹೇಳಲಿಲ್ವಾ ಭಾವ? ಸುಮ್ಮನೆ ತಲೆ ಕೆಡಿಸಿಕೊಂಡಿರಿ."

"ಮಾತ್ರೆ ಹಿಡೀತು ನೋಡು," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದರು, "ಮಾತ್ರೆ ಹಿಡೀತು ಅಂದ್ರೆ ಕಾಯಿಲೆ ಇದ್ದದ್ದು ನಿಜ ಅಂತ ತಾನೆ."

ನಾನು ಗುಟ್ಟಾಗಿ ಮಾಡಿದ ರಿಪೇರಿಯೇ ಅವರ ಮೇಲೆ ಸಾಕ್ಷಿ ಹೇಳುತ್ತಿತ್ತು. ಅಂಕಿ ಸರಿ ಬಂದ ಒಂದೊಂದು ದಿನವೂ ಅವರ ರೋಗವನ್ನು ಖಾತ್ರಿ ಮಾಡುತ್ತಿತ್ತು. ಮಾತ್ರೆ ತಿಂದರೆ ಅವರಿಗೆ ಹೊಟ್ಟೆ ತೊಳಸುತ್ತಿತ್ತು, ಆದರೂ ಒಂದು ಹೊತ್ತೂ ತಪ್ಪಿಸಲಿಲ್ಲ. ಅಕ್ಕ ಎಲ್ಲ ಡಬ್ಬಗಳ ಮೇಲೂ ಹೆಸರು ಬರೆದ ಕಾಗದ ಅಂಟಿಸಿದಳು. ಗ್ಯಾಸಿನ ಪಕ್ಕ ಗೋಡೆಯ ಮೇಲೆ 'ಆರಿಸಿದಿರಾ?' ಎಂದು ಬರೆದಳು. ಯಾವ ಬಣ್ಣ ನೋಡಿದರೂ ಅದರಲ್ಲಿ ಏನೇನು ಎಷ್ಟೆಷ್ಟು ಬೆರೆತಿದೆ ಎಂದು ಹೇಳುತ್ತಿದ್ದ ಮನುಷ್ಯ, ಅಂಗಡಿಯಲ್ಲಿ ಅಂಗಿ ಕೊಳ್ಳುವಾಗ, "ಇದು ಬೂದಿ ಬಣ್ಣಾನಾ ನೀಲೀನಾ, ನೀನೇ ಹೇಳು" ಎಂದು ಅಕ್ಕನನ್ನು ಕೇಳಿದರಂತೆ. ಅಕ್ಕ ಇದನ್ನು ಹೇಳಿಕೊಂಡು ಅತ್ತಳು. ನಾನು ಸಮಾಧಾನ ಹೇಳಿದೆ. ಸಮಾಧಾನ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ದಿನಾ ಇವತ್ತು ಹೇಳುತ್ತೇನೆ ಎಂದುಕೊಳ್ಳುವುದು, ದಿನಾ ನಾಳೆಗೆ ತಳ್ಳುವುದು. ತಡವಾದಷ್ಟೂ ಹೇಳಬೇಕಾದದ್ದು ಬೆಳೆಯುತ್ತ ಹೋಯಿತು. ಮೊದಲ ದಿನ ಹೇಳಿದ್ದರೆ ಒಂದು ಕೆಟ್ಟ ರ‍್ಯಾಮಿನ ಕಥೆ, ಬೈಗುಳ ತಿಂದು ಮುಗಿಯುತ್ತಿತ್ತು. ಈಗ ಅದರ ಜೊತೆ ಡಾಕ್ಟರು, ಮಾತ್ರೆ, ಡಬ್ಬದ ಮೇಲಿನ ಕಾಗದ ಎಲ್ಲ ಸೇರಿಕೊಂಡಿದ್ದವು. ಕಾರು ಓಡಿಸುವ ಆಟ ಮತ್ತೆ ತೆರೆಯಲಿಲ್ಲ. ಹೆಂಡತಿ, "ನಿಮಗೇನು ಬಂದಿದೆ ರೀ?" ಎಂದು ಕೇಳಿದರೆ ಅವಳ ಮೇಲೆ ಹರಿಹಾಯುತ್ತಿದ್ದೆ.

ಹೀಗೆ ಐದು ವಾರ ಕಳೆಯಿತು. ಒಂದು ಶುಕ್ರವಾರ ಮಧ್ಯಾಹ್ನ ನಾನು ಹಿಂದಿನ ಕೋಣೆಯಲ್ಲಿ ಪ್ರೊಸೆಸರಿಗೆ ಶಾಖ ಹೊರಹಾಕುವ ಪೇಸ್ಟ್ ಹಚ್ಚುತ್ತಿದ್ದೆ. ಭಾವ ಒಳಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮಡಿಸಿದ ಒಂದು ಹಾಳೆ. ಸ್ಟೂಲ್ ಎಳೆದುಕೊಂಡು ಕೂತರು.

"ನಾಳೆ ತೂಕದ ಕೋಣೆಯ ಬೀಗದಕೈ ಒಡತಿಗೆ ಒಪ್ಪಿಸ್ತಾ ಇದ್ದೀನಿ," ಎಂದರು.

"ಯಾಕೆ ಭಾವ? ನಿವೃತ್ತಿಗೆ ಇನ್ನೂ ಮೂರು ವರ್ಷ ಇದೆಯಲ್ಲ?"

"ಮಾತ್ರೆ ಎಷ್ಟು ದಿನ ಹಿಡಿದು ನಿಲ್ಲಿಸುತ್ತೋ ಯಾರಿಗೆ ಗೊತ್ತು. ಇನ್ನೊಂದು ಹಂಡೆ ಕೆಡಿಸಿ, ಅವರ ಬಾಯಲ್ಲಿ 'ಹೋಗಿ' ಅನ್ನಿಸಿಕೊಳ್ಳೋಕೆ ಮೊದಲು ನಾನೇ ಹೋಗೋದು ವಾಸಿ. ನನ್ನ ಜಾಗಕ್ಕೆ ಹೊಸ ಮೇಸ್ತ್ರಿ ಬರ್ತಾ ಇದ್ದಾಳೆ. ಚೂಟಿಯಾಗಿದ್ದಾಳೆ. ಅವಳಿಗೆ ಕಾರ್ಖಾನೆಯಲ್ಲೇ ಒಂದು ಕಂಪ್ಯೂಟರ್ ಬೇಕಂತೆ. ಎಲ್ಲಿ ಮಾಡಿಸೋಣ ಅಂತ ಒಡತಿ ಕೇಳಿದ್ರು. ಬೇರೆ ಎಲ್ಲೂ ಬೇಡ, ನಮ್ಮ ಸಾಹೇಬನ ಹತ್ತಿರ ಅಂದೆ."

ಹಾಳೆ ಬಿಡಿಸಿ ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿದರು. ಅದೇ ದುಂಡಗಿನ ಅಕ್ಷರ. ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಎಂದು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಮುಂದೆಯೂ 'ನಮ್ಮ ಮನೆಯದರಲ್ಲಿ ಇರುವುದೇ' ಎಂದು ಬರೆದಿದ್ದರು.

"ನನಗೆ ಇದರಲ್ಲಿ ಏನೂ ಗೊತ್ತಾಗಲ್ಲ. ನಿನ್ನ ಯಂತ್ರ ಒಂದು ದಿನವೂ ತೊಂದರೆ ಕೊಡಲಿಲ್ಲ. ಅದಕ್ಕೇ ಎಲ್ಲ ಅದೇ ಇರಲಿ ಅಂತ."

ನನ್ನ ಬೆರಳಿನಲ್ಲಿ ಪೇಸ್ಟ್ ಒಣಗುತ್ತಿತ್ತು. ಹಾಳೆಯ ಮೇಲಿನ ಆ ಮೂರು ಸಾಲು ನೋಡಿದೆ. ಇನ್ನು ಒಂದು ಕ್ಷಣವೂ ಆಗುವುದಿಲ್ಲ ಎನ್ನಿಸಿತು. ಧೈರ್ಯ ಬಂತು ಎಂದುಕೊಳ್ಳಬೇಡಿ. ಹೊರುವುದಕ್ಕೆ ಆಗದೆ ಕೆಳಗೆ ಹಾಕಿದೆ, ಅಷ್ಟೆ.

"ಭಾವ, ನಿಮ್ಮ ತಲೆಗೆ ಏನೂ ಆಗಿಲ್ಲ."

"ಸಮಾಧಾನ ಹೇಳಬೇಡ."

"ಸಮಾಧಾನ ಅಲ್ಲ. ನಾನು ಹಾಕಿದ ರ‍್ಯಾಮ್ ಕೆಟ್ಟಿತ್ತು. ಕೆಟ್ಟಿರಬಹುದು ಅಂತ ಗೊತ್ತಿದ್ದೂ ಹಾಕಿದ್ದೆ. ನಿಮಗೆ ಬೇಕಿಲ್ಲದ ಕಾರ್ಡನ್ನ ನನ್ನ ಆಟಕ್ಕೆ ಅಂತ ಹಾಕಿದೆ, ರ‍್ಯಾಮಿಗೆ ದುಡ್ಡು ಉಳೀಲಿಲ್ಲ. ನೀವು ಒತ್ತಿದ ಅಂಕಿ ಎಲ್ಲ ಸರಿ. ಅಕ್ಕ ಓದಿದ್ದೂ ಸರಿ. ಒಳಗೆ ಹೋದ ಮೇಲೆ ಅದು ಕೆಡ್ತಾ ಇತ್ತು."

ನಾನು ಅದೇ ಹಾಳೆಯನ್ನು ಮಗುಚಿ, ಹಿಂದೆ ಒಂದು ಐದಾಗುವುದು, ಎರಡು ಆರಾಗುವುದು ಎಲ್ಲ ಬರೆದು ತೋರಿಸಿದೆ. ಅವರು ಬಗ್ಗಿ ನೋಡಿದರು. ಅಂಕಿಗಳ ಜೊತೆ ಬಾಳಿದವರು, ಎರಡನೇ ಸಲ ಹೇಳಬೇಕಾಗಲಿಲ್ಲ.

"ಎಲ್ಲ ಕಡೆ ನಾಲ್ಕು ಹೆಚ್ಚು," ಎಂದರು ಮೆಲ್ಲಗೆ. "ನನಗೆ ಹೊಳೀಲೇ ಇಲ್ಲ ನೋಡು. ತಪ್ಪು ನಂದೇ ಅಂತ ನೋಡ್ತಾ ಇದ್ದೆ, ಅದಕ್ಕೆ ಕಾಣಲಿಲ್ಲ."

ಅವರ ಮುಖ ಬದಲಾಯಿತು. ಹುಬ್ಬಿನ ನಡುವೆ ಐದು ವಾರದಿಂದ ಕೂತಿದ್ದ ಗಂಟು ಬಿಚ್ಚಿತು, ಒಂದು ನಗುವಿನಂಥದು ಬಂತು. ಎದ್ದು ಬಾಗಿಲವರೆಗೆ ಹೋದರು, ಹೊರಗೆ ನಿಲ್ಲಿಸಿದ್ದ ಯಾರದೋ ಸೈಕಲನ್ನು ನೋಡಿದರು. "ಹಸಿರು. ಮಾಸಿದ ಹಸಿರು, ಅಡಿಯಲ್ಲಿ ಒಂದಿಷ್ಟು ಕಪ್ಪು," ಎಂದು ತಮಗೆ ತಾವೇ ಹೇಳಿಕೊಂಡರು. ತಿರುಗಿ ಬಂದು ಕೂತರು. ನನಗೂ ಒಂದು ಗಳಿಗೆ, ಬದುಕಿಕೊಂಡೆ ಎನ್ನಿಸಿತು. ನಾಚಿಕೆಯಿಲ್ಲದ ಮನಸ್ಸು.

"ಹಾಗಿದ್ರೆ ತಪ್ಪು ನಿಂತಿದ್ದು ಮಾತ್ರೆಯಿಂದ ಅಲ್ಲ?"

"ಅಲ್ಲ. ನಾನು ರ‍್ಯಾಮ್ ಬದಲಾಯಿಸಿದೆ."

"ಯಾವಾಗ?"

"ಧೂಳು ತೆಗೀತೀನಿ ಅಂತ ತಂದಿದ್ದೆನಲ್ಲ, ಆಗ."

"ಅಂದ್ರೆ ನಾನು ಆ ಪಟ್ಟಿ ತೋರಿಸಿದ ದಿನ."

"ಹೂಂ."

"ಪಟ್ಟಿ ನೋಡಿದ ಕೂಡಲೇ ಗೊತ್ತಾಯ್ತಾ ನಿನಗೆ?"

ಸುಳ್ಳು ಹೇಳಲು ಅದೊಂದು ಸಂದು ಉಳಿದಿತ್ತು. ಆಮೇಲೆ ಗೊತ್ತಾಯಿತು, ಅನುಮಾನ ಇತ್ತು, ಹೀಗೆ ಏನಾದರೂ ಅನ್ನಬಹುದಾಗಿತ್ತು. "ಗೊತ್ತಾಯ್ತು ಭಾವ," ಎಂದೆ.

ಭಾವ ಬೆರಳು ಮಡಿಸಿ ಏನನ್ನೋ ಎಣಿಸಿದರು. ಡಾಕ್ಟರ ಬುಧವಾರವನ್ನು, ಆಮೇಲಿನ ವಾರಗಳನ್ನು ಇರಬೇಕು. ನಗು ಹೋಗಿತ್ತು. ಕೋಪ ಬರಲಿ ಎಂದು ನಾನು ಕಾದೆ. ಕೆನ್ನೆಗೆ ಬಾರಿಸಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

"ನಾಳೆ ಹತ್ತು ಗಂಟೆಗೆ ಕಾರ್ಖಾನೆಗೆ ಬಾ. ಒಡತಿ ಹತ್ತಿರ ನೀನೇ ಹೇಳು. ಅದಕ್ಕೆ ಮೊದಲು ಇವತ್ತೇ ನಿಮ್ಮ ಅಕ್ಕನಿಗೆ ಹೇಳು. ಅವಳು ಓದಿದ್ದು ತಪ್ಪು ಅಂತ ಎಷ್ಟು ಬೈದೆ ನಾನು."

"ಹೇಳ್ತೀನಿ."

ಎದ್ದರು. ಸ್ಟೂಲನ್ನು ಇದ್ದ ಜಾಗಕ್ಕೆ ತಳ್ಳಿದರು. ಹೋಗುತ್ತಾರೆ ಎಂದುಕೊಂಡೆ. ಹೋಗದೆ, ಮೇಜಿನ ಅಂಚನ್ನು ಹಿಡಿದು ನಿಂತರು. ಬೈಯುವ ದನಿಯಲ್ಲ, ಯಾವಾಗಲೂ ಮಾತಾಡುವ ದನಿ.

"ಮಾತ್ರೆ ಶುರು ಮಾಡಿದಾಗಿಂದ, ದಿನಾ ಬೆಳಿಗ್ಗೆ ಎಚ್ಚರ ಆದ ಕೂಡಲೇ ಕಣ್ಣು ಬಿಡೋಕೆ ಮೊದಲು ಎಲ್ಲರ ಹೆಸರು ಹೇಳ್ಕೊಂಡು ನೋಡ್ತಿದ್ದೆ. ಇನ್ನೂ ನೆನಪಿದೆಯಾ ಅಂತ. ಮೊದಲು ನಿಮ್ಮ ಅಕ್ಕಂದು, ಆಮೇಲೆ ಮಗಳದು, ಅಳಿಯಂದು, ಮೊಮ್ಮಗುದು. ಕೊನೆಗೆ ನಿಂದು."

ನಾನು ಬೆರಳಿನಲ್ಲಿ ಒಣಗಿದ ಪೇಸ್ಟನ್ನು ಕೆರೆಯತೊಡಗಿದೆ.

"ನಿನ್ನ ಯಾವಾಗಲೂ ಸಾಹೇಬ ಅಂತಾನೇ ಕರೆಯೋದು, ಹೆಸರು ಬಾಯಲ್ಲಿ ಬರೋದೇ ಇಲ್ಲ. ಅದಕ್ಕೇ ಎರಡು ಸಲ ಹೇಳ್ಕೊಳ್ತಿದ್ದೆ. ಒಂದು ದಿನ ಮರೆತು, ನೀನು ಯಾರು ಅಂತ ಕೇಳಿಬಿಟ್ಟರೆ, ನಿನ್ನಿಂದ ತಡ್ಕೊಳ್ಳೋಕೆ ಆಗಲ್ಲ ಅಂತ."